ಗೆದ್ದರ ತಲಿ, ಸೋತರ ಎಲಿ

ದೀಪಾವಳಿ ಬಂತೆಂದರೆ ಪತ್ರಿಕೆಯ ಒಳಪುಟದಲ್ಲಿ ಒಂದು ಸುದ್ದಿ ತಪ್ಪದೆ ಹಾಜರಿ ಹಾಕುತ್ತದೆ: ಇಸ್ಪೀಟು ಅಡ್ಡೆಯ ಮೇಲೆ ಪೊಲೀಸರ ದಾಳಿ, ಇಷ್ಟು ಜನ ವಶಕ್ಕೆ, ಇಷ್ಟು ರೂಪಾಯಿ ನಗದು, 52 ಎಲೆ ಹಾಗೂ ಒಂದು ಜಮಖಾನೆ ಜಪ್ತಿ. ಜಮಖಾನೆ ಮಾಡಿದ ಅಪರಾಧವೇನೆಂದು ಯಾವ ವರದಿಗಾರನೂ ಕೇಳಿದಂತಿಲ್ಲ. ನಾಲ್ವರು ರಾಜರು, ನಾಲ್ವರು ರಾಣಿಯರು, ನಾಲ್ವರು ಗುಲಾಮರು ಒಂದೇ ಜೀಪಿನಲ್ಲಿ ಠಾಣೆಗೆ ಹೋಗುತ್ತಾರೆ. ಜೋಕರ್ ಮಾತ್ರ ಪ್ರತಿ ಸಲ ಪಾರು. 52ರ ಲೆಕ್ಕದಲ್ಲಿ ಅವನು ಬರುವುದಿಲ್ಲ. ಪಂಚನಾಮೆಯಲ್ಲಿ ಹೆಸರಿಲ್ಲದವನನ್ನು ಹಿಡಿಯುವುದಾದರೂ ಹೇಗೆ?

ಇಷ್ಟು ವರ್ಷ ಇಷ್ಟು ದಾಳಿ ಮಾಡಿದರೂ ಮಂದಿ ಎಲೆ ಬಿಟ್ಟಿಲ್ಲ. ಹಾಗಾದರೆ ಅದರಲ್ಲಿ ಏನೋ ಸುಖ ಇರಲೇಬೇಕು. ಆ ಸುಖ ಯಾವುದೆಂದು ಕಾನೂನು ಒಂದು ಹೇಳುತ್ತದೆ, ಕಂಪನಿಗಳು ಇನ್ನೊಂದು ಹೇಳುತ್ತವೆ, ಮನೆಯವರು ಮೂರನೆಯದನ್ನು ಹೇಳುತ್ತಾರೆ. ಮನೆಯವರು ಹೇಳುವುದನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ. ಹೀಗಾಗಿ ನೇರ ಗೋಪನಕೊಪ್ಪದ ಕಟ್ಟೆಗೆ ಹೋಗಿ ನೋಡುವುದು ಲೇಸು.

ಹುಬ್ಬಳ್ಳಿಯ ಕೇಶ್ವಾಪುರ ದಾಟಿದರೆ, ದೇಶಕ್ಕೆಲ್ಲ ಖಾದಿಯ ರಾಷ್ಟ್ರಧ್ವಜ ಹೊಲಿದು ಕೊಡುವ ಬೆಂಗೇರಿಯ ಮಗ್ಗುಲಲ್ಲಿ ಗೋಪನಕೊಪ್ಪ. ಮೊದಲು ಹಳ್ಳಿ, ಈಗ ವಾರ್ಡು. ಮೊದಲು ಹೊಲ, ಈಗ ಪ್ಲಾಟು. ಹಳ್ಳಿ ಶಹರದ ಹೊಟ್ಟೆ ಸೇರಿದ ಮೇಲೆ ಕಣ ಹೋಯಿತು, ಬಣವೆ ಹೋಯಿತು, ಎಮ್ಮೆಗಳೂ ಒಂದೊಂದಾಗಿ ಹೋದವು. ಉಳಿದದ್ದು ಗುಡಿಯ ಕಟ್ಟೆ, ಕಟ್ಟೆಯ ಮೇಲಿನ ಎಲಿ ಆಟ. ಕಟ್ಟೆಗೆ ಉತಾರ ಇಲ್ಲ, ಖಾತೆ ಇಲ್ಲ. ಹಾಗಾಗಿ ಅದನ್ನು ಮಾರುವುದು ಇನ್ನೂ ಯಾರಿಗೂ ಸಾಧ್ಯವಾಗಿಲ್ಲ.

ಸಂಜೀಮುಂದ ಅಲ್ಲಿ ನಾಲ್ವರು ಕೂಡುತ್ತಾರೆ: ನಿವೃತ್ತ ಮಾಸ್ತರರೊಬ್ಬರು, ರೈಲ್ವೆ ವರ್ಕ್‌ಶಾಪಿನಿಂದ ಪೆನ್ಶನ್ ಹಿಡಿದ ಕಾಕಾ ಒಬ್ಬ, ಪ್ಲಾಟ್ ಏಜೆಂಟ್ ಒಬ್ಬ, ಏನೂ ಮಾಡದವ ಒಬ್ಬ. ಹೆಚ್ಚು ಗೆಲ್ಲುವವನು ಏನೂ ಮಾಡದವನೇ. ತಾಲೀಮಿಗೆ ಬೇಕಾದಷ್ಟು ಹೊತ್ತು ಇರುವುದು ಅವನೊಬ್ಬನಿಗೆ. ಈ ನಾಲ್ವರ ಬೆನ್ನ ಹಿಂದೆ ಏಳೆಂಟು ಮಂದಿ ನಿಂತಿರುತ್ತಾರೆ. ಆಟ ನಿಜವಾಗಿ ಗೊತ್ತಿರುವುದು ನಿಂತವರಿಗೆ. ಆದರೆ ಅವರು ಎಂದೂ ಕೂಡುವುದಿಲ್ಲ, ಕೂತರೆ ಸೋಲಬೇಕಾಗುತ್ತದೆ.

"ಮಾಸ್ತರ, ಆ ರಾಣಿ ಯಾಕ ಒಗದ್ರಿ?"

"ನನ್ನ ರಾಣಿ, ನಾ ಒಗಿತೀನಿ. ನಿನಗೇನಾತು?"

"ಮುಂದ ಕಾಕಾಗ ಅದs ಬೇಕಾಗಿತ್ತಲ್ರೀ!"

ಕಾಕಾ ಅಷ್ಟರಲ್ಲಿ ರಾಣಿಯನ್ನು ಎತ್ತಿ, ಹದಿಮೂರೂ ಎಲೆಗಳನ್ನು ಜಮಖಾನೆಯ ಮೇಲೆ ಬೀಸಣಿಗೆಯಂತೆ ಬಿಡಿಸಿ ಇಟ್ಟಿರುತ್ತಾನೆ. "ನೋಡ್ರಿ, ಇದಕ್ಕ ತಲಿ ಬೇಕು," ಎನ್ನುತ್ತಾನೆ. ಎಂಬತ್ತು ಪಾಯಿಂಟ್ ಹೊತ್ತುಕೊಂಡ ಮಾಸ್ತರರು ತಮ್ಮ ಎಲೆಗಳನ್ನು ಎಲ್ಲರ ಮುಖಕ್ಕೂ ಹಿಡಿದು ತೋರಿಸುತ್ತಾರೆ: "ಎಲಿನs ಬರಲಿಲ್ಲೋ ಮಾರಾಯಾ! ಇಂಥಾ ಎಲಿ ಇಟಗೊಂಡು ದೇವ್ರ ಬಂದ್ರೂ ಸೋಲತಾನ." ಮುಂದಿನ ಆಟ ಮಾಸ್ತರರು ಗೆಲ್ಲುತ್ತಾರೆ. ಈಗ ತಲಿ ಮಾಸ್ತರರದು, ಎಲಿ ಕಾಕಾನದು.

ಗೆದ್ದರ ತಲಿ, ಸೋತರ ಎಲಿ. ಕಟ್ಟೆಯ ಸಂವಿಧಾನದಲ್ಲಿ ಇರುವುದು ಇದೊಂದೇ ಕಲಮು, ಇದುವರೆಗೆ ತಿದ್ದುಪಡಿಯಾಗಿಲ್ಲ. ಇದು ಸುಳ್ಳೆಂದು ಎಲ್ಲರಿಗೂ ಗೊತ್ತು. ಆದರೆ ಎಲ್ಲರಿಗೂ ಸಮಪಾಲಾಗಿ ಹಂಚಿದ ಸುಳ್ಳು. ಇವತ್ತು ನಾನು ಆಡಿದ್ದನ್ನು ನಾಳೆ ನೀನು ಆಡಬಹುದು. ನಮ್ಮಲ್ಲಿ ಬೇರೆ ಯಾವ ಸೌಲಭ್ಯ ಹೀಗೆ ಸಮನಾಗಿ ಹಂಚಿಕೆಯಾಗಿದೆ, ಹೇಳಿ.

ಎಲಿ ಆಟದ ರುಚಿ ಇರುವುದೇ ಈ ಹದದಲ್ಲಿ. ಚದುರಂಗ ನೋಡಿ. ಅಲ್ಲಿ ಹಂಚುವ ಎಲೆಯಿಲ್ಲ, ಬೀಳುವ ದಾಳವಿಲ್ಲ. ಇಬ್ಬರಿಗೂ ಹದಿನಾರು ಕಾಯಿ, ಎಲ್ಲವೂ ಕಣ್ಣೆದುರಿಗೆ. ಸೋತರೆ ಸೋತದ್ದು ನೇರವಾಗಿ ತಲಿಯೇ. ಅಡ್ಡ ಹಿಡಿಯಲು ಎಲಿ ಇಲ್ಲ. ಹಾಗೆಂದೇ ಚದುರಂಗ ಸೋತವನು ಮನೆಗೆ ಹೋಗಿ ಊಟ ಬಿಡುತ್ತಾನೆ, ಇಸ್ಪೀಟು ಸೋತವನು ಇನ್ನೊಂದು ಚಹಾ ಕುಡಿಯುತ್ತಾನೆ. ಇನ್ನೊಂದು ತುದಿಗೆ ಹಾವು-ಏಣಿ. ಪಾಪ-ಪುಣ್ಯದ ಪಾಠ ಹೇಳಲೆಂದು ನಮ್ಮ ದೇಶದಲ್ಲೇ ಹುಟ್ಟಿದ ಆಟ. ಅಲ್ಲಿ ತಲಿಗೆ ಕೆಲಸವೇ ಇಲ್ಲ. ದಾಳ ಒಗೆಯಬೇಕು, ಬಿದ್ದಷ್ಟು ನಡೆಯಬೇಕು, ಹಾವು ನುಂಗಿದರೆ ಇಳಿಯಬೇಕು. ಗೆದ್ದವನು ಜಂಬ ಕೊಚ್ಚುವುದು ಯಾವುದರ ಬಗ್ಗೆ? ಏಳು ವರ್ಷದ ಮಗು ಕೊಚ್ಚಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡವರು ಹಾಗೆ ಕೊಚ್ಚಿಕೊಳ್ಳಬೇಕಾದರೆ ಚುನಾವಣೆಗೆ ನಿಲ್ಲಬೇಕು.

ಎಲಿ ಆಟ ಈ ಎರಡರ ನಡುವೆ ಕೂತಿದೆ. 52 ಎಲೆಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು ಎಂದು ಲೆಕ್ಕ ಹಾಕಿದರೆ 68 ಅಂಕಿಗಳ ಸಂಖ್ಯೆ ಬರುತ್ತದೆ. ಅಂದರೆ ಚೆನ್ನಾಗಿ ಕಲಸಿದ ಕಟ್ಟು ಪ್ರತಿ ಸಲವೂ ಹಿಂದೆಂದೂ ಯಾರೂ ಕಾಣದ ಕಟ್ಟು ಎಂದೇ ತಿಳಿಯಬಹುದು. ಚೆನ್ನಾಗಿ ಕಲಸುವುದೆಂದರೆ ಎಷ್ಟು ಸಲ? ಡೇವ್ ಬೇಯರ್ ಮತ್ತು ಪರ್ಸಿ ಡಯಾಕೋನಿಸ್ ಎಂಬ ಅಮೆರಿಕದ ಇಬ್ಬರು ಗಣಿತಜ್ಞರು 1992ರಲ್ಲಿ ಲೆಕ್ಕ ಮಾಡಿ ತೋರಿಸಿದರು: ಕಟ್ಟನ್ನು ಎರಡು ಭಾಗ ಮಾಡಿ ಒಂದರೊಳಗೊಂದು ಸೇರಿಸುವ ರೀತಿಯಲ್ಲಾದರೆ ಏಳು ಸಲ. ನಮ್ಮ ಕಟ್ಟೆಯಲ್ಲಿ ಮೂರು ಸಲ ಕಲಸುತ್ತಾರೆ. ಉಳಿದ ನಾಲ್ಕು ಸಲವನ್ನು ಬೈಗುಳದಲ್ಲಿ ತುಂಬಿಕೊಳ್ಳುತ್ತಾರೆ: "ಸರಿಯಾಗಿ ಕಲಸೋ, ನಿನ್ನ ಕೈಗೆ ಲಕ್ವಾ ಹೊಡದೈತೇನು?" ಬಯ್ದ ಮೇಲೆ ಎಲಿ ಚೆನ್ನಾಗಿ ಬರುತ್ತವೆಂಬುದು ಇನ್ನೂ ಗಣಿತದ ಕೈಗೆ ಸಿಕ್ಕದ ಸತ್ಯ.

ಇದೇ ಪ್ರಶ್ನೆಯನ್ನು, ತಲಿಯೋ ಎಲಿಯೋ ಎಂಬುದನ್ನು, ನಮ್ಮ ನ್ಯಾಯಾಲಯಗಳು ದಶಕಗಳಿಂದ ತಲೆಯ ಮೇಲೆ ಹೊತ್ತಿವೆ. 1968ರಲ್ಲಿ ಸಿಕಂದರಾಬಾದಿನ ಒಂದು ಕ್ಲಬ್ಬಿನ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ರಮ್ಮಿ ಬಹುಪಾಲು ಜಾಣ್ಮೆಯ ಆಟ ಎಂದು ಅಲ್ಲಿ ತೀರ್ಮಾನವಾಯಿತು: ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕೆಂದು ತಿಳಿಯಬೇಕು. ಮೂರೆಲೆಯ ಆಟ ಹಾಗಲ್ಲ, ಅದು ಬರೀ ಅದೃಷ್ಟ ಎಂದೂ ಹೇಳಲಾಯಿತು. ಮೂರೆಲೆ ಆಡುವವರಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ಕೈಯಲ್ಲಿ ಎರಡು, ಐದು, ಒಂಬತ್ತು ಇಟ್ಟುಕೊಂಡು, ಜೋಡಿ ಎಕ್ಕಾ ಹಿಡಿದವನನ್ನು ಬರೀ ಹುಬ್ಬಿನಿಂದ ಎಬ್ಬಿಸಿ ಕಳಿಸುವವನ ವಿದ್ಯೆಗೆ ಯಾವ ಪೀಠದಲ್ಲೂ ಬೆಲೆ ಸಿಗಲಿಲ್ಲ. ಮುಖದಲ್ಲಿ ಒಂದು, ಕೈಯಲ್ಲಿ ಇನ್ನೊಂದು ಇಡುವ ಜಾಣ್ಮೆಗೆ ವಿಧಾನಸೌಧದಲ್ಲಿ ಮಾತ್ರ ಮನ್ನಣೆ.

ಸರಕಾರಕ್ಕೆ ಜೂಜಿನ ಮೇಲೆ ದ್ವೇಷವಿದೆ ಎಂದು ಯಾರೂ ತಪ್ಪು ತಿಳಿಯಬಾರದು. ಕಟ್ಟೆಯ ಮೇಲಿನ ಎಲಿಗೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಇದೆ. ಅದೇ ಸರಕಾರ 2007ರವರೆಗೆ ತನ್ನದೇ ಮೊಹರು ಹಾಕಿ ಲಾಟರಿ ನಡೆಸಿತು. ಕುದುರೆಯ ಮೇಲೆ ಬೆಂಗಳೂರಿನಲ್ಲಿ ಹಣ ಕಟ್ಟಿದರೆ ಅದು ಜಾಣ್ಮೆ, 1996ರಲ್ಲಿ ಸುಪ್ರೀಂ ಕೋರ್ಟು ಅದಕ್ಕೂ ಮುದ್ರೆ ಒತ್ತಿತು. ಗೋಪನಕೊಪ್ಪದಲ್ಲಿ ಕುದುರೆ ಇಲ್ಲ, ಇಸ್ಪೀಟಿನ ರಾಣಿ ಇದ್ದಾಳೆ. ಹೀಗಾಗಿ ನಮ್ಮ ಜಾಣ್ಮೆ ಠಾಣೆಯಲ್ಲಿದೆ.

ಆಮೇಲೆ ಎಲಿ ಆಟ ಮೊಬೈಲಿಗೆ ಬಂತು. ಕಂಪನಿಗಳು 1968ರ ಆ ತೀರ್ಪನ್ನು ಗಂಧದ ಕಟ್ಟಿಗೆಯಂತೆ ಜೋಪಾನವಾಗಿ ಎತ್ತಿಕೊಂಡು ಹೊರಟವು. ರಮ್ಮಿ ಜಾಣ್ಮೆಯ ಆಟ, ಆದ್ದರಿಂದ ನಮ್ಮದು ಜೂಜಲ್ಲ ಎಂದು ಕೋರ್ಟಿನಲ್ಲಿ ವಾದ. ಬಾ, ಬಂದು ಗೆಲ್ಲು ಎಂದು ಟಿವಿಯಲ್ಲಿ ಜಾಹೀರಾತು. ಮೂವತ್ತು ಸೆಕೆಂಡು ನಟ, ಕ್ರಿಕೆಟಿಗ, ನೋಟಿನ ಮಳೆ. ಕೊನೆಯಲ್ಲಿ ಒಬ್ಬ ಅಜ್ಞಾತನು ರೈಲು ತಪ್ಪುತ್ತಿದೆ ಎಂಬಂತೆ ಒಂದೇ ಉಸಿರಿಗೆ ಒದರುತ್ತಿದ್ದ: ಹಣದ ಅಪಾಯವಿದೆ, ಚಟ ಹತ್ತಬಹುದು, ಜವಾಬ್ದಾರಿಯಿಂದ ಆಡಿ. ಇಡೀ ಜಾಹೀರಾತಿನಲ್ಲಿ ನಿಜ ಹೇಳಿದವನು ಅವನೊಬ್ಬ, ಅವನಿಗೆ ಕೊಟ್ಟ ಹೊತ್ತು ಎಲ್ಲರಿಗಿಂತ ಕಡಿಮೆ.

ಕರ್ನಾಟಕ 2021ರ ಅಕ್ಟೋಬರಿನಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು, ಪ್ರೇಮಿಗಳ ದಿನವೇ, ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಕಲಮುಗಳನ್ನು ಹೊಡೆದು ಹಾಕಿತು. ಜಾಣ್ಮೆಯ ಆಟವನ್ನು ಜೂಜಿನ ಜೊತೆ ಕಟ್ಟುವಂತಿಲ್ಲ ಎಂಬುದು ವಾದದ ತಿರುಳು. 2023ರ ಅಕ್ಟೋಬರ್ 1ರಿಂದ ಕೇಂದ್ರವು ತಲಿಯೋ ಎಲಿಯೋ ಎಂಬ ಗೊಡವೆಗೇ ಹೋಗದೆ, ಕಟ್ಟಿದ ಪೂರ್ತಿ ಹಣದ ಮೇಲೆ ಶೇ. 28ರಷ್ಟು ಜಿಎಸ್‌ಟಿ ಹಾಕಿತು. ಎರಡು ವರ್ಷ ಖಜಾನೆ ತುಂಬಿದ ಮೇಲೆ, 2025ರ ಆಗಸ್ಟಿನಲ್ಲಿ, ಇದು ಸಮಾಜಕ್ಕೆ ಮಾರಕ ಎಂಬ ಜ್ಞಾನೋದಯವಾಯಿತು. ಸಂಸತ್ತು ಎರಡು ದಿನದಲ್ಲಿ ಕಾಯ್ದೆ ಪಾಸು ಮಾಡಿತು: ಹಣದ ಆನ್‌ಲೈನ್ ಆಟ ನಡೆಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ, ಜಾಹೀರಾತು ಕೊಟ್ಟವರಿಗೆ ಎರಡು ವರ್ಷ, ಐವತ್ತು ಲಕ್ಷ. ಕಂಪನಿಗಳು ಹಣದ ಆಟದ ಅಂಗಡಿ ಮುಚ್ಚಿದವು. ಕ್ರಿಕೆಟ್ ತಂಡದ ಅಂಗಿಯ ಮೇಲಿದ್ದ ಹೆಸರೂ ಬದಲಾಯಿತು. ಕಳೆದುಕೊಂಡವರ ಹಣ ಮಾತ್ರ ಇದ್ದಲ್ಲೇ ಉಳಿಯಿತು.

28 ಎಂದಾಗ ನೆನಪಾಯಿತು. ಹುಬ್ಬಳ್ಳಿಯ ರೈಲ್ವೆ ಕಾಲನಿಗಳಲ್ಲಿ ಕರಾವಳಿ, ಕೇರಳದ ಮಂದಿ ಕೂಡಿದಲ್ಲಿ ಇಪ್ಪತ್ತೆಂಟು ಎಂಬ ಹೆಸರಿನ ಆಟವೇ ನಡೆಯುತ್ತದೆ. ಅದರಲ್ಲಿ ಗುಲಾಮನಿಗೆ ಮೂರು ಪಾಯಿಂಟು, ಒಂಬತ್ತಕ್ಕೆ ಎರಡು, ಎಕ್ಕಾಕ್ಕೂ ಹತ್ತಕ್ಕೂ ಒಂದೊಂದು, ರಾಜ-ರಾಣಿಗೆ ಸೊನ್ನೆ. ಎಲ್ಲ ಕೂಡಿದರೆ 28. ಗುಲಾಮ ಇಟ್ಟನೆಂದರೆ ರಾಜ ಎದ್ದು ನಿಂತು ಜಾಗ ಬಿಡಬೇಕು. ಇಂಥ ಕ್ರಾಂತಿಕಾರಿ ಆಟವನ್ನು ಕಂಡುಹಿಡಿದ ಮಂದಿ ಯಾರೋ, ಅವರಿಗೆ ನಮಸ್ಕಾರ. ಇನ್ನು ಜಿಎಸ್‌ಟಿಯ ಇಪ್ಪತ್ತೆಂಟರಲ್ಲಿ ಆಡಿದವರೆಲ್ಲ ಗುಲಾಮರೇ, ಪಾಯಿಂಟು ಮಾತ್ರ ರಾಜನ ಖಾತೆಗೆ ಹೋಯಿತು.

ಈ ಗದ್ದಲದಲ್ಲಿ ಒಂದು ಸಣ್ಣ ಕಳವು ಯಾರ ಕಣ್ಣಿಗೂ ಬೀಳಲಿಲ್ಲ. ಮೊಬೈಲ್ ರಮ್ಮಿ ಆಡಿ ಸೋತ ಹುಡುಗ ಹಣ ಕಳೆದುಕೊಂಡ, ಅದು ಎಲ್ಲರಿಗೂ ಗೊತ್ತು. ಅದರ ಜೊತೆಗೆ ಅವನ ನೆಪವನ್ನೂ ಕಿತ್ತುಕೊಂಡರು. ಇದು ತಲಿಯ ಆಟ ಎಂದು ಕಂಪನಿ ಪರದೆಯ ಮೇಲೆ ಬರೆದಿತ್ತು, ವಕೀಲರು ಕೋರ್ಟಿನಲ್ಲಿ ಸಾಧಿಸಿದ್ದರು, ನಟರು ಕುಣಿದು ಸಾರಿದ್ದರು. ಹಾಗಾದರೆ ಸೋತವನಿಗೆ ಇಲ್ಲದ್ದು ಯಾವುದು? ತಲಿ! ಎಲಿ ಬರಲಿಲ್ಲೋ ಎಂದು ಯಾರ ಮುಖಕ್ಕೆ ಹಿಡಿದು ತೋರಿಸಬೇಕು? ಎದುರಿಗೆ ಕೂತದ್ದು ಮನುಷ್ಯನೋ ಯಂತ್ರವೋ ಅದೂ ತಿಳಿಯದು. ಕಟ್ಟೆಯಲ್ಲಿ ಸೋತವನು ಬರೀ ಎಲಿ ಸೋಲುತ್ತಿದ್ದ. ಇವನು ಪಗಾರ ಸೋತ, ತಲಿಯನ್ನೂ ಸೋತ, ಅದನ್ನು ಯಾರಿಗೂ ಹೇಳಿಕೊಳ್ಳುವಂತಿಲ್ಲದೆ ಮತ್ತೆ ಅದೇ ಪರದೆ ಒತ್ತಿದ. ತಾನು ಜಾಣ ಎಂದು ಸಾಧಿಸಲು ಅವನಿಗೆ ಉಳಿದದ್ದು ಅದೊಂದೇ ದಾರಿ.

ಆಟದ ಸುಖ ಗೆಲುವಿನಲ್ಲಿದೆ ಎಂದು ಮಾರುವವರು ಹೇಳುತ್ತಾರೆ. ನಾಲ್ವರು ಆಡುವ ಆಟದಲ್ಲಿ ಗೆಲ್ಲುವವನು ಒಬ್ಬ. ಮೂವರು ದಿನಾ ಸೋಲುತ್ತಾರೆ, ದಿನಾ ಮರಳಿ ಬರುತ್ತಾರೆ. ಗೆಲುವೇ ಸುಖವಾಗಿದ್ದರೆ ವಾರದೊಳಗೆ ಮುಕ್ಕಾಲು ಕಟ್ಟೆ ಖಾಲಿಯಾಗಬೇಕಿತ್ತು. ಅವರನ್ನು ಎಳೆದು ತರುವುದು ಅಗ್ಗದ ಸೋಲು. ಗೋಪನಕೊಪ್ಪದಲ್ಲಿ ಉಳಿದೆಲ್ಲ ಸೋಲೂ ತುಟ್ಟಿ: ಪ್ಲಾಟಿನ ಕಾಗದದಲ್ಲಿ ಸೋತರೆ ಎರಡು ತಲೆಮಾರು, ಮಗಳ ಮದುವೆಯಲ್ಲಿ ಸೋತರೆ ಬ್ಯಾಂಕಿನ ಸಾಲ, ಮಗನ ಮೆಡಿಕಲ್ ಸೀಟಿನಲ್ಲಿ ಸೋತರೆ ಹೊಲ. ಒಂದು ಪ್ಲೇಟು ಮಿರ್ಚಿ ಭಜಿಯ ದರದಲ್ಲಿ ಸೋತು, ಹತ್ತು ನಿಮಿಷ ಬೈಸಿಕೊಂಡು, ಆ ಮಿರ್ಚಿಯಲ್ಲಿ ಅರ್ಧ ತಾನೇ ತಿಂದು ಏಳುವ ಅವಕಾಶ ಕಟ್ಟೆಯಲ್ಲಿ ಮಾತ್ರ. ಕತ್ತೆ ಆಟದಲ್ಲಂತೂ ಸೋತವನಿಗೆ ಕತ್ತೆ ಎಂಬ ಪದವಿಯೇ ಸಿಗುತ್ತದೆ. ಮುಂದಿನ ಸುತ್ತಿಗೆ ಅದು ಇನ್ನೊಬ್ಬನಿಗೆ ವರ್ಗ. ಪದವಿ ಇಷ್ಟು ಬೇಗ ಕೈ ಬದಲಾಯಿಸುವುದನ್ನು ಪಾಲಿಕೆಯಲ್ಲೂ ಕಂಡಿಲ್ಲ.

ಸೋಲು ತುಟ್ಟಿಯಾದರೆ ಏನಾಗುತ್ತದೆ ಎಂದು ಹೇಳಲು ನಾವು ಹೊರಗಿನ ಪಂಡಿತರನ್ನು ಕರೆಸಬೇಕಿಲ್ಲ. ಕುಮಾರವ್ಯಾಸನ ಊರು ಕೋಳಿವಾಡ ಇರುವುದು ನಮ್ಮ ಹುಬ್ಬಳ್ಳಿ ತಾಲೂಕಿನಲ್ಲೇ. ಗದುಗಿನ ವೀರನಾರಾಯಣನ ಎದುರು ಕೂತು ಅವನು ಕಟ್ಟಿದ ಕಥೆಯ ನಡುಮಧ್ಯದಲ್ಲಿ ಇರುವುದು ಒಂದು ಪಗಡೆಯಾಟ. ಆ ಪ್ರಕರಣವನ್ನು ನಮ್ಮ ಕಟ್ಟೆ ಅನೇಕ ಸಲ ವಿಚಾರಣೆಗೆ ಎತ್ತಿಕೊಂಡಿದೆ. ಮಾಸ್ತರರ ಪ್ರಕಾರ ಧರ್ಮರಾಯ ಮಾಡಿದ ಮೊದಲ ತಪ್ಪು, ಪಣ ಇಟ್ಟವನು ದುರ್ಯೋಧನನಾಗಿದ್ದು ದಾಳ ಒಗೆಯುವವನು ಶಕುನಿ ಎಂದು ಗೊತ್ತಾದಾಗಲೇ ಏಳದಿದ್ದದ್ದು. "ಒಬ್ಬಾಂವ ಕೂಡೂದು, ಇನ್ನೊಬ್ಬಾಂವ ಆಡೂದು. ಇವತ್ತಿನ ಆ್ಯಪ್‌ನಾಗೂ ಹಂಗs ಅಲ್ಲೇನು?" ಕಾಕಾನ ಪ್ರಕಾರ ತಪ್ಪು ಬೇರೆ: ಸಭೆಯಲ್ಲಿ ಭೀಷ್ಮ, ದ್ರೋಣ, ವಿದುರ ಎಲ್ಲರೂ ಇದ್ದರು, ಬೆನ್ನ ಹಿಂದೆ ನಿಂತು "ಸಾಕ್ ಏಳೋ ಇನ್ನ" ಎಂದು ರಟ್ಟೆ ಹಿಡಿದು ಎಬ್ಬಿಸುವವನು ಮಾತ್ರ ಒಬ್ಬನೂ ಇರಲಿಲ್ಲ. ವಿದುರ ನೀತಿ ಹೇಳಿದ, ರಟ್ಟೆ ಹಿಡಿಯಲಿಲ್ಲ. ಕೊನೆಗೆ ಕಾನೂನಿನ ಪ್ರಶ್ನೆ ಎತ್ತಿದವಳು ದ್ರೌಪದಿ: ತನ್ನನ್ನೇ ಮೊದಲು ಸೋತವನಿಗೆ ನನ್ನನ್ನು ಒತ್ತೆ ಇಡುವ ಹಕ್ಕು ಎಲ್ಲಿಯದು? ಅಷ್ಟು ದೊಡ್ಡ ಪೀಠ ತೀರ್ಪು ಕಾಯ್ದಿರಿಸಿ ತಲೆ ತಗ್ಗಿಸಿತು. ಇನ್ನೂ ಎತ್ತಿಲ್ಲ.

ಸೋಲನ್ನು ಅಗ್ಗ ಮಾಡಿಕೊಂಡ ರಾಜನೂ ನಮ್ಮಲ್ಲಿ ಇದ್ದ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ 1831ರಲ್ಲಿ ಇಂಗ್ಲಿಷರು ಆಡಳಿತ ಕಿತ್ತುಕೊಂಡರು. ಅರಮನೆ ಉಳಿಯಿತು, ಅಧಿಕಾರ ಹೋಯಿತು. ಅರಸರು ಹೊತ್ತನ್ನು ಆಟಗಳಿಗೆ ತಿರುಗಿಸಿದರು. ಚದುರಂಗದ ಒಗಟುಗಳು, ಹೊಸ ಹೊಸ ಮಣೆ ಆಟಗಳು, ಗುಂಡನೆಯ ಚಿತ್ರದೆಲೆಗಳ ಗಂಜೀಫಾ. 'ಶ್ರೀತತ್ತ್ವನಿಧಿ'ಯ ಕೌತುಕನಿಧಿಯಲ್ಲಿ ಅವರು ವಿವರಿಸಿದ ಗಂಜೀಫಾಗಳಲ್ಲಿ 360 ಎಲೆಗಳ ಕಟ್ಟೂ ಇದೆ. ಒಂದು ರಾಜ್ಯ ಹೋದವರು ತಮ್ಮ ಕೈಯಲ್ಲಿ ಡಜನ್ನುಗಟ್ಟಲೆ ರಾಜರನ್ನೂ ಮಂತ್ರಿಗಳನ್ನೂ ಹಂಚಿಕೊಂಡರು. ರೆಸಿಡೆಂಟ್ ಸಾಹೇಬರಿಗೆ ಆ ರಾಜರನ್ನು ವಶಪಡಿಸಿಕೊಳ್ಳುವ ಉಪಾಯ ಹೊಳೆಯಲಿಲ್ಲ. ಇವತ್ತಿನ ಠಾಣೆಯವರನ್ನು ಕೇಳಿದ್ದರೆ ಜಮಖಾನೆ ಸಮೇತ ತರುತ್ತಿದ್ದರು.

ಗಂಡಸರು ಕಟ್ಟೆ ಹಿಡಿದರೆ ಹೆಂಗಸರು ಪಡಸಾಲೆ ಹಿಡಿದಿದ್ದರು. ನೆಲದ ಮೇಲೆ ಖಡುವಿನಿಂದ ಐದೈದು ಮನೆ, ನಡುವೆ ಕಾಟು ಹಾಕಿದ ಗಟ್ಟಿ ಮನೆಗಳು, ನಾಲ್ಕು ಕವಡೆ. ಕವಡೆ ಇಲ್ಲದಿದ್ದರೆ ಸೀಳಿದ ಹುಣಸೆ ಬೀಜ. ನಾಲ್ಕೂ ಅಂಗಾತ ಬಿದ್ದರೆ ಚೌಕ, ಬೋರಲು ಬಿದ್ದರೆ ಎಂಟು, ಎರಡಕ್ಕೂ ಇನ್ನೊಂದು ಸಲ ಒಗೆಯುವ ಹಕ್ಕು. ಚೌಕಾಬಾರಾದ ಜೀವ ಇರುವುದು ಒಂದು ನಿಯಮದಲ್ಲಿ: ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಇದನ್ನು ರೂಪಿಸಿದ ಮಹಾತಾಯಿಗೆ ಕೂಡು ಕುಟುಂಬ ಚೆನ್ನಾಗಿ ಗೊತ್ತಿತ್ತು. ಸೊಸೆ ಅತ್ತೆಯ ಕಾಯಿಯನ್ನು ಹೊಡೆಯಲೇಬೇಕು, ಅದೂ ಅತ್ತೆಯ ಎದುರಿಗೆ ಕೂತು, ಕವಡೆ ಕುಲುಕಿ, ನಗುತ್ತಾ. "ಹೊಡದೆ ನೋಡ್ರಿ ಅತ್ತಿ!" ಎಂದು ಸೊಸೆ ಬಾಯಿಬಿಟ್ಟು ಹೇಳಬಹುದಾದ ಜಾಗ ಇಡೀ ಮನೆಯಲ್ಲಿ ಆ ಇಪ್ಪತ್ತೈದು ಚೌಕ ಮಾತ್ರ. ಅತ್ತೆಯೂ ಸುಮ್ಮನಿರುವುದಿಲ್ಲ, ಮುಂದಿನ ಚೌಕಕ್ಕೆ ಬಡ್ಡಿ ಸಮೇತ ತೀರಿಸುತ್ತಾಳೆ. ಇಬ್ಬರೂ ಎದ್ದು ಚಹಾಕ್ಕೆ ಒಲೆ ಹಚ್ಚುತ್ತಾರೆ. ಈಗ ಒಂದೇ ಸೋಫಾದಲ್ಲಿ ಇಬ್ಬರಿಗೂ ಒಂದೊಂದು ಮೊಬೈಲು, ಅತ್ತೆ ಒಂದು ಲೂಡೋ, ಸೊಸೆ ಒಂದು ಲೂಡೋ. ಇಬ್ಬರೂ ಹೊಡೆಯುವುದು ಯಾವುದೋ ಊರಿನ ಅಪರಿಚಿತರ ಕಾಯಿಗಳನ್ನು. ಮನೆಯೊಳಗಿನ ಲೆಕ್ಕ ತೀರದೆ ಹಾಗೇ ಬೆಳೆಯುತ್ತಿದೆ. ಆ ಲೂಡೋ ಕೂಡ ನಮ್ಮ ಪಚ್ಚೀಸಿಯೇ. ಇಂಗ್ಲೆಂಡಿಗೆ ಹೋಗಿ 1896ರಲ್ಲಿ ಪೇಟೆಂಟು ಮಾಡಿಸಿಕೊಂಡು, ಸೂಟು-ಬೂಟು ಹಾಕಿಕೊಂಡು ಮರಳಿ ಬಂದಿದೆ.

ನಮ್ಮ ಪ್ಲಾಟ್ ಏಜೆಂಟನಿಗೆ ಪ್ರಿಯವಾದ ಆಟ ಬೇರೆ. ಮಕ್ಕಳಾಡುವ 'ಬಿಸಿನೆಸ್'. ಊರು ಕೊಳ್ಳು, ಮನೆ ಕಟ್ಟು, ಕಾಲಿಟ್ಟವನಿಂದ ಬಾಡಿಗೆ ಕೀಳು. ಅದರ ಮೂಲ ಅಮೆರಿಕದ ಎಲಿಜಬೆತ್ ಮ್ಯಾಗಿ ಎಂಬಾಕೆ 1904ರಲ್ಲಿ ಪೇಟೆಂಟ್ ಪಡೆದ ಜಮೀನ್ದಾರನ ಆಟ. ಭೂಮಿ ಕೆಲವರ ಕೈಯಲ್ಲಿ ಸೇರಿದರೆ ಉಳಿದವರು ಹೇಗೆ ಬರಿಗೈ ಆಗುತ್ತಾರೆ ಎಂದು ಮಂದಿಗೆ ತಿಳಿಸಿ ಹೇಳುವುದು ಆಕೆಯ ಉದ್ದೇಶವಾಗಿತ್ತು. ಮಂದಿ ಆಡಿದರು, ತಿಳಿದುಕೊಂಡರು, ಆ ಕೆಲವರಲ್ಲಿ ನಾನೊಬ್ಬ ಆಗಬೇಕೆಂದು ನಿಶ್ಚಯಿಸಿದರು. 1935ರಲ್ಲಿ ಅದೇ ಆಟದ ಮತ್ತೊಂದು ರೂಪವನ್ನು ಮೊನಾಪೊಲಿ ಎಂದು ಮಾರಿದ ಕಂಪನಿ ಆಕೆಗೆ ಕೊಟ್ಟದ್ದು 500 ಡಾಲರು. ಗೋಪನಕೊಪ್ಪದ ಸುತ್ತ ಈ ಆಟ ಈಗ ನಿಜವಾದ ಮಣ್ಣಿನ ಮೇಲೆ ನಡೆಯುತ್ತಿದೆ. ವ್ಯತ್ಯಾಸ ಒಂದೇ: ಮಣೆಯ ಮೇಲೆ ಒಂದು ಪ್ಲಾಟು ಒಬ್ಬನಿಗೇ ಮಾರಾಟವಾಗುತ್ತದೆ.

ಮೊನಾಪೊಲಿಯ ದೊಡ್ಡ ದೋಷವೆಂದರೆ ಮೊದಲು ದಿವಾಳಿಯಾದವನು ಉಳಿದವರು ಮುಗಿಸುವವರೆಗೆ ಗೋಡೆ ನೋಡುತ್ತಾ ಕೂಡಬೇಕು. ಇದನ್ನು ಕಂಡುಕೊಂಡ ಜರ್ಮನರು ಬೇರೆ ದಾರಿ ಹಿಡಿದರು. ಕ್ಲೌಸ್ ಟಾಯ್ಬರ್ 1995ರಲ್ಲಿ ತಂದ 'ಕತಾನ್' ಆಟದಲ್ಲಿ ಕೊನೆಯವರೆಗೂ ಯಾರೂ ಹೊರಬೀಳುವುದಿಲ್ಲ. ಗೆಲ್ಲಬೇಕಾದರೆ ಎದುರಾಳಿಯೊಂದಿಗೇ ಮಾತಾಡಿ, ಕುರಿ ಕೊಟ್ಟು ಇಟ್ಟಂಗಿ ತೆಗೆದುಕೊಳ್ಳಬೇಕು. ಜಗತ್ತು ಇದನ್ನು ದೊಡ್ಡ ಶೋಧವೆಂದು ಹೊಗಳಿತು. ಈಗ ಬೆಂಗಳೂರಿನ ಕೆಫೆಗಳಲ್ಲಿ ತಾಸಿಗಿಷ್ಟು ಎಂದು ಹಣ ಕೊಟ್ಟು ಇಂಥ ಆಟ ಆಡಬಹುದು. ನಿಯಮ ತಿಳಿಸಲು ಏಪ್ರನ್ ಕಟ್ಟಿದ ಹುಡುಗ ಬರುತ್ತಾನೆ. ಸಾಫ್ಟ್‌ವೇರ್ ಕಂಪನಿಗಳು ನೌಕರರನ್ನು ಕರೆದೊಯ್ದು ಒಗ್ಗಟ್ಟು ಬೆಳೆಸಲೆಂದು ಆಡಿಸುತ್ತವೆ. ಮ್ಯಾನೇಜರು ಗೆಲ್ಲುವಂತೆ ನೋಡಿಕೊಳ್ಳುವುದೇ ಅಲ್ಲಿನ ಜಾಣ್ಮೆ. ಎದುರಿಗೆ ನಾಲ್ಕು ಮುಖ, ನಡುವೆ ಒಂದು ಮಣೆ, ಬಾಯ್ತುಂಬ ಮಾತು: ಇಷ್ಟಕ್ಕೆ ಹೋದ ಬಂದವರೆಲ್ಲ ಬಿಲ್ಲು ಕೊಟ್ಟು ಬರುತ್ತಿದ್ದಾರೆ. ಕಟ್ಟೆಯಲ್ಲಿ ಇದೇ ಸೇವೆ ಉಚಿತ. ನಿಯಮ ತಿಳಿಸುವ ಹುಡುಗನ ಬದಲು ನಿಯಮ ತಿರುಚುವ ಏಜೆಂಟ್ ಇದ್ದಾನೆ, ಅಷ್ಟೇ. "ನಮ್ಮ ಓಣ್ಯಾಗ ಹಂಗ ಇಲ್ರೀ" ಎಂಬ ಅವನ ಒಂದು ವಾಕ್ಯಕ್ಕೆ ಅರ್ಧ ತಾಸು ಜಗಳ. ಆ ಜಗಳವೂ ಆಟದ ಭಾಗವೇ. ಮೊಬೈಲಿನಲ್ಲಿ ಜಗಳವಾಡಲು ಹೋದರೆ ನಲವತ್ತು ಪುಟದ ಷರತ್ತುಗಳಿಗೆ ಒಪ್ಪಿದ್ದೇನೆ ಎಂದು ನಾವೇ ಒತ್ತಿರುತ್ತೇವೆ.

ಆಟಕ್ಕೆ ಕೊನೆಯೂ ಬೇಕು. ಆ್ಯಪಿಗೆ ಕೊನೆ ಇಲ್ಲ. ನಡುರಾತ್ರಿ ಎರಡಕ್ಕೂ ಅದು ಇನ್ನೊಂದು ಆಟ ಎನ್ನುತ್ತದೆ. ಕಟ್ಟೆಯ ಆಟಕ್ಕೆ ಹುಬ್ಬಳ್ಳಿಯ ನಳ ಎಂಬ ಅಂಪೈರ್ ಇದ್ದಾನೆ. ದಿನಗಟ್ಟಲೆ ಕಾಯಿಸಿ ಯಾವ ಗಳಿಗೆಯಲ್ಲೋ ಬರುವ ನೀರು. "ರೀ, ನೀರ ಬಂತು!" ಎಂದು ಓಣಿಯಿಂದ ಕೂಗು ಬಂದರೆ ಪ್ಯೂರ್ ಸೀಕ್ವೆನ್ಸ್ ಹಿಡಿದವನೂ ಎಲೆ ಚೆಲ್ಲಿ ಕೊಡ ಹಿಡಿಯಲು ಓಡಬೇಕು. ಹಸ್ತಿನಾಪುರದಲ್ಲಿ ಇಂಥ ನೀರು ಪೂರೈಕೆ ಇದ್ದಿದ್ದರೆ ಧರ್ಮರಾಯ ಎರಡನೆಯ ಪಣದಲ್ಲೇ ಎದ್ದಿರುತ್ತಿದ್ದ, ಹದಿನೆಂಟು ಅಕ್ಷೋಹಿಣಿ ಮಂದಿ ಬದುಕುತ್ತಿದ್ದರು. 24 ತಾಸೂ ನೀರು ಕೊಡುತ್ತೇವೆಂದು ಹೊರಟವರು ಈ ಅಪಾಯವನ್ನು ಗಮನಕ್ಕೆ ತಂದುಕೊಂಡಂತಿಲ್ಲ.

ದಿಲ್ಲಿ, ಬೆಂಗಳೂರುಗಳು ಇಷ್ಟೆಲ್ಲ ಕಾಯ್ದೆ ಮಾಡಿರುವಾಗ ಕಟ್ಟೆಯೂ ಒಂದು ಕರಡು ಸಿದ್ಧಪಡಿಸಿದೆ. ಸಾರ್ವಜನಿಕರ ಅವಗಾಹನೆಗೆ:

ಒಂದು: ಪಣವು ಒಂದು ಪ್ಲೇಟ್ ಮಿರ್ಚಿ, ನಾಲ್ಕು ಕಪ್ ಚಹಾ ಮೀರತಕ್ಕದ್ದಲ್ಲ. ಸೋತವನಿಗೂ ಅದರಲ್ಲಿ ಪಾಲು ಕೊಡತಕ್ಕದ್ದು.

ಎರಡು: ಎದುರಾಳಿಯ ಮುಖ ಕಾಣದ ಆಟ ಆಟವೇ ಅಲ್ಲ. ಮೀಸೆ ಇದ್ದಲ್ಲಿ ಮೀಸೆಯೂ ಕಾಣತಕ್ಕದ್ದು.

ಮೂರು: ಗೆದ್ದವನು ತಲಿ ಎನ್ನಬಹುದು, ಸೋತವನು ಎಲಿ ಎನ್ನಬಹುದು. ಎರಡನ್ನೂ ಯಾರೂ ನಂಬತಕ್ಕದ್ದಲ್ಲ.

ನಾಲ್ಕು: ಸೋತವನೇ ಮುಂದಿನ ಆಟಕ್ಕೆ ಎಲೆ ಕಲಸಿ ಹಂಚತಕ್ಕದ್ದು. ಸೋತ ಮೇಲೂ ಐದು ವರ್ಷ ಕುರ್ಚಿ ಹಿಡಿದು ಕೂಡುವಂತಿಲ್ಲ. ಪಕ್ಷ ಬದಲಾಯಿಸಿ ಗೆದ್ದವನ ಎಲೆಗಳ ಜೊತೆ ತನ್ನ ಎಲೆ ಸೇರಿಸುವಂತಿಲ್ಲ.

ಐದು: ನೀರು ಬಂದರೆ ಆಟ ಮುಕ್ತಾಯ. ಮೇಲ್ಮನವಿಗೆ ಅವಕಾಶವಿಲ್ಲ.

ಕರಡನ್ನು ಓದಿದ ಕಾಕಾ ಒಪ್ಪಿದ, ಏಜೆಂಟ್ ನಾಲ್ಕನೆಯ ಕಲಮಿಗೆ ವಿನಾಯಿತಿ ಕೇಳಿದ. ಮಾಸ್ತರರು ಮಾತ್ರ ತಲೆ ಅಲ್ಲಾಡಿಸಿದರು: "ಪಾಸ್ ಆಗಂಗಿಲ್ಲ ಬಿಡೋ. ಇದರಾಗ ಯಾರಿಗೂ ಒಂದ ರೂಪಾಯಿ ಟ್ಯಾಕ್ಸ್ ಬರಂಗಿಲ್ಲ."